ಚೌಕಗಳನ್ನು ದಾಟಿಸಿದವರು

1985ರಲ್ಲಿ ಡ್ಯಾನ್ ಸಿಲ್ವಾ ಎಂಬ ಪ್ರೋಗ್ರಾಮರ್ ಅಮಿಗಾ ಕಂಪ್ಯೂಟರಿಗಾಗಿ ಡಿಲಕ್ಸ್ ಪೇಂಟ್ ಎಂಬ ಚಿತ್ರ ಬರೆಯುವ ತಂತ್ರಾಂಶ ಮಾಡಿದ. ಪರದೆಯ ಮೇಲೆ ಚುಕ್ಕಿಗೆ ಚುಕ್ಕಿ ಸೇರಿಸಿ ಚಿತ್ರ ಕಟ್ಟುವ ಸಾಧನ ಅದು. ಆ ಕಾಲದ ವಿಡಿಯೋ ಗೇಮುಗಳ ಎಷ್ಟೋ ಕೋಟೆ, ಕಾಡು, ವೀರರು ಹುಟ್ಟಿದ್ದು ಅದರಲ್ಲೇ. ಕೆಲವು ವರ್ಷಗಳಲ್ಲಿ ಅದನ್ನು ಐಬಿಎಂ ಪಿಸಿಯ ಡಾಸ್‌ಗೆ ಒಗ್ಗಿಸಲಾಯಿತು. ಒಂದು ಯಂತ್ರಕ್ಕೆಂದು ಬರೆದದ್ದನ್ನು ಇನ್ನೊಂದರಲ್ಲಿ ನಡೆಯುವಂತೆ ಮಾಡುವ ಈ ಕೆಲಸವನ್ನು ಕಂಪ್ಯೂಟರಿನವರು 'ಪೋರ್ಟ್ ಮಾಡುವುದು' ಎನ್ನುತ್ತಾರೆ. ನಾನು ಅದನ್ನು ದಾಟಿಸುವುದು ಎಂದು ಕರೆಯುತ್ತೇನೆ.

ದಾಟಿಸುವುದು ನಕಲು ಮಾಡಿದಷ್ಟು ಸುಲಭವಲ್ಲ. ಅಮಿಗಾದಲ್ಲಿ ಸಾಮಾನ್ಯವಾಗಿ 4,096 ಬಣ್ಣಗಳಿಂದ 32ನ್ನು ಆರಿಸಿಕೊಳ್ಳಬಹುದಿತ್ತು. ಆಗಿನ ಪಿಸಿಯ ಇಜಿಎ ಪರದೆ ಒಮ್ಮೆಗೆ ತೋರಿಸುತ್ತಿದ್ದದ್ದು 16 ಬಣ್ಣ. ಒಂದು ಪರದೆಯ ಚುಕ್ಕಿ ಸರಿಯಾದ ಚೌಕವಾದರೆ ಇನ್ನೊಂದರದ್ದು ಉದ್ದುದ್ದ. ಅಲ್ಲಿ ದುಂಡಗಿದ್ದ ಚಂದ್ರ ಇಲ್ಲಿ ಮೊಟ್ಟೆಯಾಗುತ್ತಾನೆ. ಎರಡೂ ಯಂತ್ರಗಳ ಸ್ವಭಾವ ಬಲ್ಲವರು ನಡುವೆ ಕೂತು, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಬೇಕು.

ಈ ಚರಿತ್ರೆ ಓದುವಾಗಲೆಲ್ಲ ನನ್ನ ಮನಸ್ಸು ಹೋಗುವುದು ನನ್ನ ಸಂಶೋಧನೆಯ ಊರಾದ ಮೊಳಕಾಲ್ಮುರಿಗೆ. ಅಲ್ಲಿನ ರೇಷ್ಮೆ ಸೀರೆಯ ಅಂಚಿನಲ್ಲಿರುವ ನವಿಲು, ಮಾವಿನಕಾಯಿ, ಗೋಪುರಗಳನ್ನು ಹತ್ತಿರದಿಂದ ನೋಡಿ. ಬಾಗಿದ ಗೆರೆ ಎಂದು ಕಂಡದ್ದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತದೆ. ಅದೂ ಚುಕ್ಕಿಚಿತ್ರವೇ. ಒಂದು ಹಾಸಿನ ಎಳೆ, ಒಂದು ಹೊಕ್ಕಿನ ಎಳೆ ಕೂಡುವ ಜಾಗ ಒಂದು ಚುಕ್ಕಿ.

ಈ ಚಿತ್ರ ಮಗ್ಗಕ್ಕೆ ಇಳಿಯುವ ಬಗೆ ಹೀಗೆ. ಮೊದಲು ಕೈಯಲ್ಲಿ ಬರೆದ ಚಿತ್ರವನ್ನು ಚೌಕುಳಿ ಕಾಗದಕ್ಕೆ ಇಳಿಸುತ್ತಾರೆ. ಕಾಗದದ ಒಂದು ಅಡ್ಡಸಾಲು ಹೊಕ್ಕಿನ ಒಂದು ಎಳೆಗೆ, ಒಂದು ಉದ್ದಸಾಲು ಜಕಾರ್ಡಿನ ಒಂದು ಕೊಕ್ಕೆಗೆ ಸಮ. ಅಡ್ಡಸಾಲಿಗೆ ಒಂದರಂತೆ ರಟ್ಟಿನ ಕಾರ್ಡು. ಬಣ್ಣ ತುಂಬಿದ ಚೌಕವಿದ್ದ ಕಡೆ ಕಾರ್ಡಿಗೆ ತೂತು ಹೊಡೆಯುತ್ತಾರೆ. ಕಾರ್ಡುಗಳನ್ನು ದಾರದಿಂದ ಹೊಲಿದು ಮಾಲೆ ಮಾಡಿ ಮಗ್ಗದ ಮೇಲೆ ತೂಗುಹಾಕಿದರೆ, ತುಳಿದ ಪ್ರತಿ ಸಲವೂ ಒಂದು ಕಾರ್ಡು ಮುಂದೆ ಬರುತ್ತದೆ. ತೂತಿದ್ದಲ್ಲಿ ಕೊಕ್ಕೆ ಹಾಸನ್ನು ಎತ್ತುತ್ತದೆ, ಇಲ್ಲದಲ್ಲಿ ಎತ್ತುವುದಿಲ್ಲ. ಲಾಳಿ ನಡುವೆ ಹಾಯುತ್ತದೆ.

ಇಲ್ಲಿಯೂ ಚಂದ್ರ ಮೊಟ್ಟೆಯಾಗುವ ಅಪಾಯ ಇದ್ದೇ ಇದೆ. ಅಂಗುಲಕ್ಕೆ ಹಾಸು ಎಷ್ಟು, ಹೊಕ್ಕು ಎಷ್ಟು ಎಂಬ ಲೆಕ್ಕಕ್ಕೆ ತಕ್ಕಂತೆ ಕಾಗದದ ಚೌಕ ಇರದಿದ್ದರೆ ನವಿಲಿನ ಕತ್ತು ಕುಗ್ಗುತ್ತದೆ ಇಲ್ಲವೇ ಜಗ್ಗುತ್ತದೆ. ಜೊತೆಗೆ ಪರದೆಗೆ ಇಲ್ಲದ ಕಷ್ಟವೊಂದು ಬಟ್ಟೆಗಿದೆ. ಚಿತ್ರದಲ್ಲಿ ಅಗಲವಾಗಿ ಒಂದೇ ಬಣ್ಣ ತುಂಬಿದರೆ, ಬಟ್ಟೆಯಲ್ಲಿ ಜರಿಯ ಎಳೆ ಅಷ್ಟುದ್ದ ಎಲ್ಲೂ ಕಟ್ಟಿಲ್ಲದೆ ತೇಲುತ್ತದೆ. ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಕಿತ್ತುಬರುತ್ತದೆ. ಹಾಗಾಗಿ ನಡುನಡುವೆ ಎಳೆಯನ್ನು ಹಿಡಿದಿಡುವ ಚುಕ್ಕಿಗಳನ್ನು ಸೇರಿಸಬೇಕು. ಮೂಲ ಚಿತ್ರದಲ್ಲಿ ಅವು ಇರುವುದಿಲ್ಲ, ಉಟ್ಟವರ ಕಣ್ಣಿಗೂ ಬೀಳುವುದಿಲ್ಲ. ಸೀರೆ ಬಾಳುವುದು ಮಾತ್ರ ಅವುಗಳಿಂದಲೇ.

ಆ ಚುಕ್ಕಿ ಇಟ್ಟವರು ಯಾರು? ಮೊಳಕಾಲ್ಮುರಿನ ಮನೆಯೊಂದರಲ್ಲಿ ಅಟ್ಟದಿಂದ ಇಳಿಸಿದ ಹಳೆಯ ಕಾರ್ಡಿನ ಕಟ್ಟು ನೋಡುತ್ತ ಇದನ್ನೇ ಕೇಳಿದೆ. ಮಗ್ಗದ ಮುಂದಿದ್ದ ಹಿರಿಯರು ನಕ್ಕರು. "ಕಾರ್ಡ್ ಹೊಡೆಯೋರು ಹೊಡ್ದಿರ್ತಾರೆ. ಹೆಸ್ರು ಯಾರ್ ಬರ್ಕಂತಾರಮ್ಮ?"

ಇದು ಮೊಳಕಾಲ್ಮುರೊಂದರ ಮಾತಲ್ಲ. ಜಕಾರ್ಡ್ ಯಂತ್ರ ಲಿಯೋನಿನಲ್ಲಿ ಬಂದದ್ದು 1804ರ ಸುಮಾರಿಗೆ. 1839ರಲ್ಲಿ ಅದೇ ಊರಿನವರು ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದದ್ದು ಸುಮಾರು 24,000 ಕಾರ್ಡು. ತನ್ನ ಲೆಕ್ಕದ ಯಂತ್ರಕ್ಕೂ ತೂತಿನ ಕಾರ್ಡನ್ನೇ ಅದಾಗಲೇ ನೆಚ್ಚಿದ್ದ ಚಾರ್ಲ್ಸ್ ಬಬೇಜ್ ಅದರ ಒಂದು ಪ್ರತಿ ತರಿಸಿಕೊಂಡ. ಹೀಗೆ ಗಣಕದ ಚರಿತ್ರೆಯಲ್ಲಿ ಜಕಾರ್ಡನಿಗೆ ಜಾಗ ಸಿಕ್ಕಿತು, ಬಬೇಜನಿಗೂ ಸಿಕ್ಕಿತು. ಸಾವಿರಾರು ಕಾರ್ಡಿಗೆ ತೂತು ಹೊಡೆದ ಕೈಗಳು ಆ ಕಥೆಯಲ್ಲಿ ಬರುವುದಿಲ್ಲ.

ಆದರೆ ದಾಟಿಸಿದವನ ಹೆಸರು ಉಳಿದ ಅಪರೂಪದ ಉದಾಹರಣೆಯೂ ಇದೇ ತಾಲ್ಲೂಕಿನಲ್ಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆಯನ್ನು ಮೂರು ಬಂಡೆಗಳಿಗೆ ಇಳಿಸಲಾಗಿದೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಬರೆದಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ 'ಲಿಪಿಕಾರ' ಎಂಬ ತನ್ನ ಕಸುಬಿನ ಮಾತನ್ನು ಅವನು ಬರೆದದ್ದು ಖರೋಷ್ಠಿಯಲ್ಲಿ, ಅಂದರೆ ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಲಿಪಿಯಲ್ಲಿ. ಎರಡು ಲಿಪಿ ಬಲ್ಲ ಒಬ್ಬ ಮನುಷ್ಯ ನಡುವೆ ಇದ್ದ ಎಂದು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ನಮಗೆ ಗೊತ್ತಾಗುವುದು ಆ ಒಂದು ಪದದಿಂದ.

ಚಳ್ಳಕೆರೆಯ ಕಡೆ ಬಂದರೆ ಮಗ್ಗದ ಮಾತೇ ಬೇರೆ. ಅಲ್ಲಿನ ಕರಿ ಕಂಬಳಿಗೆ ಜಕಾರ್ಡೂ ಇಲ್ಲ, ಕಾರ್ಡೂ ಇಲ್ಲ. ಅಂಚಿನ ಪಟ್ಟೆಯ ಲೆಕ್ಕ, ಹುಣಸೆಬೀಜದ ಗಂಜಿಯ ಹದ ಎಲ್ಲವೂ ನೇಯುವವರ ಕೈಯಲ್ಲಿವೆ. ಅದನ್ನು ದಾಟಿಸಬೇಕಾದರೆ ಮಗ್ಗದ ಪಕ್ಕ ಇನ್ನೊಬ್ಬರು ಬಂದು ಕೂರಲೇಬೇಕು. ಮೊಳಕಾಲ್ಮುರಿನ ಭಾಗ್ಯವೆಂದರೆ ಅಲ್ಲಿನ ತಿಳಿವಳಿಕೆಯ ಒಂದು ಪಾಲಾದರೂ ರಟ್ಟಿನ ಮೇಲಿದೆ.

ಈಗ ಕೈಮಗ್ಗಕ್ಕೂ ಕಂಪ್ಯೂಟರ್ ಬಂದಿದೆ. ವಿನ್ಯಾಸವನ್ನು ಪರದೆಯ ಮೇಲೆ ಚುಕ್ಕಿಯಾಗಿ ಬರೆದು, ಕಾರ್ಡೇ ಇಲ್ಲದೆ ಎಲೆಕ್ಟ್ರಾನಿಕ್ ಜಕಾರ್ಡಿಗೆ ಕಳಿಸಬಹುದು. ಇದು ನೇಕಾರರ ಬೆನ್ನಿನ ಭಾರ ಇಳಿಸುವುದಾದರೆ ಒಳ್ಳೆಯದೇ. ಆದರೆ ಕಾರ್ಡಿನ ಕಟ್ಟು ಗುಜರಿಗೆ ಹೋದರೆ, ಅದರೊಳಗಿನ ಹಿಡಿಚುಕ್ಕಿಗಳ ಜಾಣ್ಮೆಯೂ ಹೋಗುತ್ತದೆ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಅದು ಊರಿನ ಹೆಸರನ್ನು ಕಾಯುತ್ತದೆ. ಕಾರ್ಡು ಹೊಡೆದವರ ಹೆಸರನ್ನು ಕಾಯುವುದು ಆ ಕಾನೂನಿನ ಕೆಲಸವಲ್ಲ, ಚರಿತ್ರೆ ಬರೆಯುವವರ ಕೆಲಸ.

ಇದು ಆಗದ ಮಾತೇನಲ್ಲ. ಡಿಲಕ್ಸ್ ಪೇಂಟಿನ ಜಾಡಿನಲ್ಲಿ ಡಾಸ್‌ಗಾಗಿ ಹುಟ್ಟಿದ ಗ್ರಾಫ್‌ಎಕ್ಸ್2 ಎಂಬ ತಂತ್ರಾಂಶದ ಮೂಲ ಸಂಕೇತವನ್ನು 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಆಸಕ್ತರು ಅದನ್ನು ಲಿನಕ್ಸ್, ಹೈಕು ಮೊದಲಾದ ವ್ಯವಸ್ಥೆಗಳಿಗೆ ದಾಟಿಸಿದರು. ಕೊನೆಗೆ ಆ ಪರಂಪರೆ ಶುರುವಾದ ಅಮಿಗಾಕ್ಕೂ ವಾಪಸು ತಂದರು. ಮೂಲ ಕೈಗೆ ಸಿಗುವಂತಿದ್ದರೆ ಹಿಂದಕ್ಕೂ ದಾಟಬಹುದು. ಮೊಳಕಾಲ್ಮುರಿನಲ್ಲಿ ಆ ಮೂಲ ಅಟ್ಟದ ಮೇಲಿದೆ. ಒಂದೊಂದು ಕಾರ್ಡನ್ನೂ ಬೆಳಕಿಗೆ ಹಿಡಿದು ಫೋಟೋ ತೆಗೆದರೆ ತೂತು ಚುಕ್ಕಿಯಾಗುತ್ತದೆ, ಸಾಲಿಗೆ ಸಾಲು ಸೇರಿ ನವಿಲು ಮೂಡುತ್ತದೆ. ಆ ಚಿತ್ರದ ಕೆಳಗೆ ಬರೆದವರು ಯಾರು, ಕಾರ್ಡು ಹೊಡೆದವರು ಯಾರು, ನೇಯ್ದವರು ಯಾರು ಎಂದು ಕೇಳಿ ಬರೆದುಕೊಳ್ಳಬೇಕು. ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಆದ್ದರಿಂದ ಈ ಕೆಲಸ ಈಗಲೇ ಆಗಬೇಕು.