ಬಾಸ್ಟನ್ ಪೊಲೀಸರು ಠಾಣೆಯಿಂದ ಹೊರನಡೆದ ಸಂಜೆ

2016ರ ಜೂನ್‌ನಲ್ಲಿ ನಮ್ಮ ರಾಜ್ಯದ ಪೊಲೀಸರ ಸಾಮೂಹಿಕ ರಜೆಯ ಕರೆ ಎಷ್ಟು ದೊಡ್ಡ ಸುದ್ದಿಯಾಗಿತ್ತು ಅನ್ನೋದು ನಿಮಗೆ ನೆನಪಿರಬಹುದು. ಪೊಲೀಸರು ಸಂಘ ಕಟ್ಟಬಹುದಾ ಅನ್ನೋ ಪ್ರಶ್ನೆ ಅಮೆರಿಕದ ಬಾಸ್ಟನ್‌ನಲ್ಲಿ 1919ರಲ್ಲೇ ಬೀದಿಗೆ ಬಂದಿತ್ತು. ಇವತ್ತು ಆ ಕಥೆ.

ಅಲ್ಲಿನ ಪೇದೆಗಳ ಪಾಡು ನೋಡಿ. ವಾರಕ್ಕೆ 70 ಗಂಟೆಗೂ ಮೀರಿದ ದುಡಿಮೆ. ಸಮವಸ್ತ್ರಕ್ಕೆ ಕೈಯಿಂದಲೇ ದುಡ್ಡು ಹಾಕಬೇಕು. ಮಲಗೋಕೆ ಠಾಣೆಗೆ ಹೋದರೆ ಇಲಿ, ತಿಗಣೆಗಳ ಕಾಟ. ಮಹಾಯುದ್ಧದಿಂದ ಎಲ್ಲದರ ಬೆಲೆಯೂ ಏರಿತ್ತು, ಸಂಬಳ ಮಾತ್ರ ಹಿಂದೆಯೇ ಉಳಿದಿತ್ತು. ಆಗಸ್ಟ್‌ನಲ್ಲಿ ಅವರು ಕಾರ್ಮಿಕರ ಒಕ್ಕೂಟವಾದ ಅಮೆರಿಕನ್ ಫೆಡರೇಷನ್ ಆಫ್ ಲೇಬರ್ ಸೇರಿಬಿಟ್ಟರು.

ಕಮಿಷನರ್ ಎಡ್ವಿನ್ ಕರ್ಟಿಸ್ ಕೆಂಡವಾದರು. ಹೊರಗಿನ ಸಂಘಟನೆಗೆ ಸೇರಿದ ಪೊಲೀಸ್, ನಾಳೆ ಮುಷ್ಕರ ಹೂಡಿದ ಕಾರ್ಮಿಕರ ಎದುರು ನಿಂತಾಗ ಯಾರ ಮಾತು ಕೇಳ್ತಾನೆ? ಆಡಳಿತದ ಈ ಭಯದಲ್ಲಿ ಹುರುಳೇ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ರಾಜಿಗೆ ದಾರಿ ಇತ್ತು. ಒಕ್ಕೂಟದ ನಂಟು ಬಿಟ್ಟು ತಮ್ಮದೇ ಸಂಘ ಇಟ್ಟುಕೊಳ್ಳಲಿ ಅಂತ ಮೇಯರ್ ನೇಮಿಸಿದ ಸಮಿತಿ ಸೂಚಿಸಿತ್ತು. ಕರ್ಟಿಸ್ ಒಪ್ಪಲಿಲ್ಲ. ಅವರನ್ನು ನೇಮಿಸಿದ್ದು ಮೇಯರ್ ಅಲ್ಲ, ರಾಜ್ಯಪಾಲರು. ಹಾಗಾಗಿ ಮೇಯರ್ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 19 ಮುಖಂಡರು ಅಮಾನತಾದರು.

ಸೆಪ್ಟೆಂಬರ್ 9, ಸಂಜೆ 5.45. ಸುಮಾರು 1,500 ಪೊಲೀಸರಲ್ಲಿ 1,100ಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟು ನಡೆದರು. ರಾತ್ರಿ ಅಂಗಡಿಗಳ ಗಾಜು ಪುಡಿಪುಡಿ, ಲೂಟಿ. ಸ್ಟೇಟ್ ಗಾರ್ಡ್ ಪಡೆ ಬಂದಿತು, ಗುಂಡು ಹಾರಿತು. ಎಂಟೊಂಬತ್ತು ಜನ ಸತ್ತರು. ಜನರ ಸಹಾನುಭೂತಿ ಅಲ್ಲಿಗೆ ಮುಗಿಯಿತು. ಸಾರ್ವಜನಿಕ ಸುರಕ್ಷತೆಯ ವಿರುದ್ಧ ಮುಷ್ಕರ ಹೂಡುವ ಹಕ್ಕು ಯಾರಿಗೂ ಇಲ್ಲ ಎಂದು ರಾಜ್ಯಪಾಲ ಕ್ಯಾಲ್ವಿನ್ ಕೂಲಿಡ್ಜ್ ತಂತಿ ಕಳಿಸಿದರು. ಆ ಒಂದು ಮಾತು ಅವರನ್ನು ದೇಶಕ್ಕೇ ಪರಿಚಯಿಸಿತು. 1923ರಲ್ಲಿ ಅವರು ಅಧ್ಯಕ್ಷರೇ ಆದರು.

ಮುಷ್ಕರ ಹೂಡಿದವರಿಗೆ ಮತ್ತೆ ಕೆಲಸ ಸಿಗಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬರಲ್ಲಿ ಅನೇಕರು ಯುದ್ಧ ಮುಗಿಸಿ ಬಂದು ಕೆಲಸವಿಲ್ಲದೆ ಕೂತಿದ್ದ ಸೈನಿಕರು. ಅವರಿಗೆ ಹೆಚ್ಚಿನ ಸಂಬಳ, ಹೆಚ್ಚು ರಜೆ, ಬಿಟ್ಟಿ ಸಮವಸ್ತ್ರ! ಹಳಬರು ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ.

ಬಾಸ್ಟನ್ ಪೇದೆಗಳು ಮತ್ತೆ ತಮ್ಮದೊಂದು ಯೂನಿಯನ್ ಕಟ್ಟಿದ್ದು 1965ರಲ್ಲಿ. ಅದರ ಮರುವರ್ಷ ನಮ್ಮ ಸಂಸತ್ತು ಕಾನೂನು ಮಾಡಿತು: ಅನುಮತಿಯಿಲ್ಲದೆ ಪೊಲೀಸರು ಯಾವ ಕಾರ್ಮಿಕ ಸಂಘವನ್ನೂ ಸೇರುವಂತಿಲ್ಲ. ಅದು ಈಗಲೂ ಜಾರಿಯಲ್ಲಿದೆ.