ಬಂದಾನು, ಬಂದೀತು: ಒಂದು ಕ್ರಿಯಾರೂಪದ ಚರಿತ್ರೆ

ದೆಹಲಿಯ ಕೆಲವು ಶಾಲೆಗಳಲ್ಲಿ ಫ್ರೆಂಚ್, ಜರ್ಮನ್‌ಗಳ ಜೊತೆಗೆ ಈಗ ಸ್ಪ್ಯಾನಿಷ್ ಭಾಷೆಯನ್ನೂ ಕಲಿಸುತ್ತಾರೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಆ ಭಾಷೆಯ ಉನ್ನತ ವ್ಯಾಸಂಗಕ್ಕೆ ಅವಕಾಶವಿದೆ; 2009ರಲ್ಲಿ ಸ್ಪೇನ್ ದೇಶದ ಸೆರ್ವಾಂಟೆಸ್ ಸಂಸ್ಥೆಯೂ ಈ ನಗರದಲ್ಲಿ ಬಾಗಿಲು ತೆರೆಯಿತು. ನಮ್ಮವರ ಮನೆಗಳ ಮಕ್ಕಳೂ ಈ ಭಾಷೆಯನ್ನು ಆರಿಸಿಕೊಳ್ಳುವುದುಂಟು. ಅದನ್ನು ಕಲಿಯುವವರೆಲ್ಲ ಹೆಚ್ಚಾಗಿ ಎಡವುವುದು 'ಸಬ್‌ಜಂಕ್ಟಿವ್' ಎಂಬ ಪಾಠದಲ್ಲಿ. ನಡೆಯುವುದನ್ನು ನಡೆದಂತೆ ಹೇಳಲು ಆ ಭಾಷೆಯಲ್ಲಿ ಒಂದು ಕ್ರಿಯಾರೂಪ. ನಡೆದೀತೆಂದು ಊಹಿಸಲು, ನಡೆಯಲೆಂದು ಹಾರೈಸಲು ಮತ್ತೊಂದು. 'ಆಬ್ಲಾ' ಎಂದರೆ ಮಾತನಾಡುತ್ತಾನೆ. ಕೊನೆಯ ಸ್ವರ ಬದಲಾಗಿ 'ಆಬ್ಲೆ' ಎಂದಾದರೆ ಅದು ಊಹೆಯ ಅಥವಾ ಹಾರೈಕೆಯ ಮಾತು. 'ಕೋಮೆ' ಎಂದರೆ ತಿನ್ನುತ್ತಾನೆ. 'ಕೋಮಾ' ಎಂದರೆ ತಿಂದಾನು, ತಿನ್ನಲಿ. ಹೀಗೆ 'ಅ'ಕಾರ ಇದ್ದಲ್ಲಿ 'ಎ'ಕಾರ, 'ಎ'ಕಾರ ಇದ್ದಲ್ಲಿ 'ಅ'ಕಾರ.

ಹಾರೈಕೆಯ ಮಾತಿಗೆ ಮುಂಚೆ ಅವರು ಹೇಳುವ ಒಂದು ಪದ 'ಓಹಲಾ'. ಇದು ದೇವರ ಇಚ್ಛೆಯನ್ನು ಹೇಳುವ ಅರಬ್ಬೀ ಮಾತಿನಿಂದ ಬಂದದ್ದು. ಸ್ಪೇನಿನಲ್ಲಿ ಅರಬರ ಆಳ್ವಿಕೆ 711ರಲ್ಲಿ ಮೊದಲಾಗಿ 1492ರಲ್ಲಿ ಕೊನೆಗೊಂಡಿತು. ಆದರೆ ಪದ ಉಳಿಯಿತು. ದೆಹಲಿಯ ಬೀದಿಗಳಲ್ಲಿ ನಾವು ದಿನವೂ ಕೇಳುವ 'ಇನ್‌ಶಾ ಅಲ್ಲಾ' ಅದರ ಬಂಧುವೇ. ಈ ಪದ ಬಂದಾಗಲೆಲ್ಲ ಹಿಂದೆಯೇ ಸಬ್‌ಜಂಕ್ಟಿವ್ ರೂಪ ಬರಲೇಬೇಕು.

ಇಂಥದ್ದೊಂದು ಕನ್ನಡದಲ್ಲಿ ಇಲ್ಲವೇ ಎಂದು ಮಕ್ಕಳು ಕೇಳಿದರೆ ನಾವು ತಡವರಿಸಬೇಕಾಗಿಲ್ಲ. ಸ್ಪ್ಯಾನಿಷ್ ಒಂದೇ ರೂಪದಿಂದ ಮಾಡುವ ಕೆಲಸವನ್ನು ಕನ್ನಡ ಮೂರು ಪಾಲು ಮಾಡಿ ಹಂಚಿದೆ. ಹಾರೈಕೆಗೆ 'ಬರಲಿ', ಷರತ್ತಿಗೆ 'ಬಂದರೆ', ಊಹೆಗೆ 'ಬಂದಾನು'. ಮೊದಲನೆಯದು ವಿಧ್ಯರ್ಥಕ, ಹಳಗನ್ನಡದಲ್ಲಿ ಅದರ ಪ್ರತ್ಯಯ 'ಗೆ' ಅಥವಾ 'ಕೆ' ಆಗಿತ್ತು, 'ಗೆಲ್ಲಲಿ' ಎನ್ನಲು 'ಗೆಲ್ಗೆ' ಎನ್ನುತ್ತಿದ್ದರು. ಎರಡನೆಯದು 'ಬಂದೊಡೆ' ಎಂದಿದ್ದುದು 'ಬಂದಡೆ' ಎಂದಾಗಿ 'ಬಂದರೆ' ಎಂದು ನಿಂತಿತು. ಇವೆರಡೂ ನಮ್ಮ ಮನೆಗಳಲ್ಲಿ ಕ್ಷೇಮವಾಗಿವೆ. ಕ್ಷೇಮವಾಗಿಲ್ಲದ್ದು ಮೂರನೆಯದು, ವ್ಯಾಕರಣದಲ್ಲಿ ಅದರ ಹೆಸರು ಸಂಭಾವನಾರ್ಥಕ.

ಅದನ್ನು ಕಟ್ಟುವ ಕ್ರಮ ಸರಳ. ಕ್ರಿಯಾಪದದ ಭೂತಕಾಲದ ಅಂಗವನ್ನು ತೆಗೆದುಕೊಂಡು ಪುರುಷ, ಲಿಂಗ, ವಚನಕ್ಕೆ ತಕ್ಕ ದೀರ್ಘಸ್ವರದ ಪ್ರತ್ಯಯ ಹಚ್ಚಬೇಕು. ನಾನು ಬಂದೇನು, ನಾವು ಬಂದೇವು, ನೀನು ಬಂದೀಯೆ, ನೀವು ಬಂದೀರಿ, ಅವನು ಬಂದಾನು, ಅವಳು ಬಂದಾಳು, ಅವರು ಬಂದಾರು, ಅದು ಬಂದೀತು, ಅವು ಬಂದಾವು. 'ಮಾಡಿ' ಎಂಬಂಥ ಇಕಾರಾಂತ ಅಂಗವಿದ್ದರೆ ಮಾಡಿಯಾನು, ಮಾಡಿಯಾಳು, ಮಾಡೀತು. ಇಲ್ಲಿ ಕುತೂಹಲದ ಸಂಗತಿಯೊಂದಿದೆ. ಅಂಗ ಭೂತಕಾಲದ್ದು, ಅರ್ಥವೋ ಇನ್ನೂ ನಡೆಯದ ಕ್ರಿಯೆಯದು. ಹೀಗೇಕೆ?

ಉತ್ತರಕ್ಕಾಗಿ ಸುಮಾರು ಏಳೂವರೆ ಶತಮಾನ ಹಿಂದಕ್ಕೆ ಹೋಗಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಮೂರು ಕಾಲಗಳಿಗೆ ಮೂರು ಪ್ರತ್ಯಯಗಳನ್ನು ಹೇಳುತ್ತಾನೆ: ಭೂತಕ್ಕೆ 'ದ', ವರ್ತಮಾನಕ್ಕೆ 'ದಪ', ಭವಿಷ್ಯತ್ತಿಗೆ 'ವ'. ಆ ಲೆಕ್ಕದಲ್ಲಿ 'ಬಂದಂ' ಎಂದರೆ ಬಂದನು, 'ಬಂದಪಂ' ಎಂದರೆ ಬರುತ್ತಾನೆ, 'ಬರ್ಪಂ' ಎಂದರೆ ಬರುವನು. ಕಾಲಕ್ರಮದಲ್ಲಿ ಕನ್ನಡದ ಪಕಾರ ಹಲವೆಡೆ ಹಕಾರವಾಯಿತು. ಪಾಲು ಹಾಲಾದಂತೆ, ಪೋಗು ಹೋಗು ಆದಂತೆ, 'ಬಂದಪಂ' ಎಂಬುದು ನಡುಗನ್ನಡದಲ್ಲಿ 'ಬಂದಹನು' ಎಂದಾಯಿತು. ಹಕಾರವೂ ಸವೆದು ಸ್ವರ ದೀರ್ಘವಾಗಿ 'ಬಂದಾನು' ಉಳಿಯಿತೆಂಬುದು ವಿದ್ವಾಂಸರು ತೋರಿಸುವ ದಾರಿ. ಎಲ್ಲ ರೂಪಗಳ ದಾರಿಯೂ ಇಷ್ಟು ನೇರವಲ್ಲ. ನಪುಂಸಕಲಿಂಗದ 'ಬಂದೀತು' ಬೇರೆ ಪ್ರತ್ಯಯವನ್ನು ಹಿಡಿದಿದೆ. ಆದರೂ ಮುಖ್ಯ ಸಂಗತಿ ಸ್ಪಷ್ಟ. ಇಂದಿನ ನಮ್ಮ ಸಂಭಾವನಾರ್ಥಕವು ಅಂದಿನ ವರ್ತಮಾನಕಾಲ. 'ಬರುತ್ತ' ಎಂಬುದರ ಮೇಲೆ ಕಟ್ಟಿದ 'ಬರುತ್ತಾನೆ' ಎಂಬ ಹೊಸ ರೂಪ ವರ್ತಮಾನದ ಕುರ್ಚಿಯಲ್ಲಿ ಕುಳಿತಾಗ ಹಳೆಯ ರೂಪಕ್ಕೆ ಊಹೆಯ ಇಲಾಖೆಗೆ ವರ್ಗವಾಯಿತು.

ಇಂಥ ವರ್ಗಾವಣೆ ಕನ್ನಡದಲ್ಲಿ ಮಾತ್ರ ಆದದ್ದಲ್ಲ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ನಾವು ಕಡತಗಳ ಮೇಲೆ 'ಕೃಪಯಾ ಚರ್ಚಾ ಕರೇಂ' ಎಂದೋ 'ಅನುಮೋದನ್ ದಿಯಾ ಜಾಏ' ಎಂದೋ ಬರೆದಿರುವುದನ್ನು ದಿನವೂ ನೋಡುತ್ತೇವೆ. ಆ 'ಕರೇಂ', 'ಜಾಏ'ಗಳನ್ನು ಕಾಮತಾ ಪ್ರಸಾದ್ ಗುರು ಅವರು 1920ರಲ್ಲಿ ಪ್ರಕಟವಾದ ತಮ್ಮ 'ಹಿಂದೀ ವ್ಯಾಕರಣ'ದಲ್ಲಿ ಸಂಭಾವ್ಯ ಭವಿಷ್ಯತ್ ಎಂದು ಕರೆದರು. ಅದರ ಮೂಲವೂ ವರ್ತಮಾನಕಾಲವೇ. ಸಂಸ್ಕೃತದ 'ಚಲತಿ' ಪ್ರಾಕೃತದಲ್ಲಿ 'ಚಲಇ' ಆಗಿ ಹಿಂದಿಯಲ್ಲಿ 'ಚಲೇ' ಆಯಿತು. 'ಚಲ್ತಾ ಹೈ' ಎಂಬ ಹೊಸ ವರ್ತಮಾನ ಬಂದ ಮೇಲೆ ಹಳೆಯದು ಊಹೆಗೆ, ಹಾರೈಕೆಗೆ, ವಿನಂತಿಗೆ ಸರಿಯಿತು. ಬೇರೆ ಬೇರೆ ಕುಲದ ಎರಡು ಭಾಷೆಗಳು ತಮ್ಮ ತಮ್ಮ ದಾರಿಯಲ್ಲಿ ಒಂದೇ ಬಗೆಯ ಮಾರ್ಪಾಡಿಗೆ ಬಂದಿರುವುದು ಗಮನಿಸತಕ್ಕ ವಿಷಯ.

ನಮ್ಮ ಈ ರೂಪವನ್ನು ಹೊರಗಿನವರೂ ಗುರುತಿಸಿದ್ದರು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು 1894ರಲ್ಲಿ ಮಹಾನಿಘಂಟನ್ನೂ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣಗಳಲ್ಲಿ ಇದಕ್ಕೆ ಸಂದ ಹೆಸರು 'ಕಂಟಿಂಜೆಂಟ್'. ಅನಿರೀಕ್ಷಿತ ವೆಚ್ಚಕ್ಕೆ ಕಂಟಿಂಜೆನ್ಸಿ ಬಿಲ್ಲು ಬರೆಯುವ ನಮ್ಮಂಥವರಿಗೆ ಇದಕ್ಕಿಂತ ಪರಿಚಿತ ಹೆಸರು ಬೇಕೆ? ಖರ್ಚು ಬಂದರೂ ಬಂದೀತು ಎಂದು ತೆಗೆದಿರಿಸಿದ ಹಣದ ಹಾಗೆ, ಆದರೂ ಆದೀತು ಎಂಬ ಸಂಗತಿಗಾಗಿ ತೆಗೆದಿರಿಸಿದ ಕ್ರಿಯಾರೂಪ ಇದು.

ಈಗ ಇದಕ್ಕೆ ಬಂದಿರುವ ಸ್ಥಿತಿಯನ್ನು ನೋಡೋಣ. ಜನಕಪುರಿಯಿಂದ ನೋಯ್ಡಾವರೆಗೆ ನಮ್ಮ ಮಕ್ಕಳು ಆಡುವ ಕನ್ನಡದಲ್ಲಿ ಊಹೆಗೆಲ್ಲ 'ಬಹುದು' ಒಂದೇ ಸಾಧನ. ಬರಬಹುದು, ಬೀಳಬಹುದು, ಸಿಗಬಹುದು. ಇದು ತಪ್ಪಲ್ಲ, ಆದರೆ ಸಾಲದು. 'ಅವನು ಒಳಗೆ ಬರಬಹುದು' ಎಂದರೆ ಅಪ್ಪಣೆಯೋ ಊಹೆಯೋ ತಿಳಿಯುವುದಿಲ್ಲ. 'ಅವನು ಒಳಗೆ ಬಂದಾನು' ಎಂದಾಗ ಆ ಸಂದೇಹವಿಲ್ಲ. ಅಲ್ಲಿ ಅಪ್ಪಣೆಗೆ ಎಡೆಯೇ ಇಲ್ಲ. 'ಸಾಮಾನು ಈ ಚೀಲದಲ್ಲಿ ಹಿಡಿದೀತು' ಎನ್ನುವಾಗ ಅಂದಾಜು, 'ಅವನೇನು ಕೊಟ್ಟಾನು' ಎನ್ನುವಾಗ ಅಪನಂಬಿಕೆ, 'ಹೇಗೆ ಮರೆತೇನು' ಎನ್ನುವಾಗ ಕೃತಜ್ಞತೆ ಧ್ವನಿಸುತ್ತದೆ. 'ಹೇಗೆ ಮರೆಯಬಹುದು' ಎಂದರೆ ಆ ಮಾತಿನಲ್ಲಿ 'ನಾನು' ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಇದು ಎಚ್ಚರಿಕೆಯ ರೂಪ. ಊರಿನಿಂದ ಬಂದ ಅಜ್ಜಿ ಮಹಡಿಯ ಮೆಟ್ಟಿಲಲ್ಲಿ ಓಡುವ ಮೊಮ್ಮಗನನ್ನು 'ಜೋಕೆ, ಬಿದ್ದೀಯೆ!' ಎಂದು ಕೂಗುತ್ತಾಳೆ. ಇಲ್ಲಿಯೇ ಹುಟ್ಟಿ ಬೆಳೆದ ಮಗು ಅದನ್ನು 'ಬಿದ್ದೆಯಾ?' ಎಂಬ ಪ್ರಶ್ನೆಯಾಗಿ ಕೇಳಿಸಿಕೊಂಡು, ಓಟ ನಿಲ್ಲಿಸದೆ 'ಇಲ್ಲ ಅಜ್ಜಿ, ಬೀಳಲಿಲ್ಲ' ಎಂದು ಉತ್ತರಿಸುತ್ತದೆ. ನಾವು ನಗುತ್ತೇವೆ. ಆದರೆ ಅಜ್ಜಿಯ ಕಾಳಜಿ ಮೊಮ್ಮಗನಿಗೆ ಮುಟ್ಟಲಿಲ್ಲವೆಂಬುದು ನಗುವ ಮಾತಲ್ಲ.

ಹಿರಿಯರ ನಡುವೆಯೂ ತೊಡಕುಂಟು. ಧಾರವಾಡದ ಕಡೆಯವರು 'ಅವರು ಬಂದಾರ' ಎಂದರೆ ಬಂದಿದ್ದಾರೆ ಎಂದರ್ಥ. ಮೈಸೂರಿನವರು 'ಅವರು ಬಂದಾರು' ಎಂದರೆ ಬಂದರೂ ಬರಬಹುದು ಎಂದರ್ಥ. ವ್ಯತ್ಯಾಸವೆಲ್ಲ ಕೊನೆಯ ಒಂದು ಸ್ವರದಲ್ಲಿದೆ. ಸಮಾರಂಭದ ದಿನ ಅತಿಥಿಗಳ ವಿಷಯದಲ್ಲಿ ಈ ಸ್ವರ ಕಿವಿತಪ್ಪಿದರೆ ಆಗುವ ಫಜೀತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಬಳಸದ ರೂಪ ಅಳಿಯುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಬೇಕಾದಷ್ಟಿದೆ. ವೇದಗಳ ಭಾಷೆಯಲ್ಲಿ ಲೇಟ್ ಎಂಬ ಲಕಾರವಿತ್ತು. ಅದು ಸ್ಪ್ಯಾನಿಷ್ ಸಬ್‌ಜಂಕ್ಟಿವ್ ಮಾಡುವಂಥ ಕೆಲಸವನ್ನೇ ಮಾಡುತ್ತಿತ್ತು. ಪಾಣಿನಿಯು ಅದನ್ನು ವೇದಕ್ಕೆ ಮಾತ್ರ ಸಲ್ಲುವುದೆಂದು ಹೇಳಿದನು. ನಂತರದ ಸಂಸ್ಕೃತದಲ್ಲಿ ಅದು ಮರೆಯಾಗಿ, 'ಗಚ್ಛಾನಿ' ಎಂಬಂಥ ಉತ್ತಮಪುರುಷದ ರೂಪಗಳು ಮಾತ್ರ ಲೋಟ್ ಲಕಾರದಲ್ಲಿ ಸೇರಿಕೊಂಡು ಉಳಿದವು. ಸ್ಪ್ಯಾನಿಷ್‌ನಲ್ಲಿಯೂ ಭವಿಷ್ಯತ್ಕಾಲದ ಸಬ್‌ಜಂಕ್ಟಿವ್ ಒಂದಿತ್ತು. ಇಂದು ಅದು ಕಾನೂನಿನ ಬರಹದಲ್ಲಿ, ಕೆಲವು ಗಾದೆಗಳಲ್ಲಿ ಹೊರತು ಜನರ ಬಾಯಲ್ಲಿಲ್ಲ.

ನಮ್ಮ 'ಬಂದಾನು' ಆ ಸ್ಥಿತಿಗೆ ಬಂದಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಅದು ಇನ್ನೂ ದಿನಬಳಕೆಯ ಮಾತು. ದೂರದ ಊರಿನಲ್ಲಿರುವ ನಮ್ಮ ಮನೆಗಳಲ್ಲಿ ಮಾತ್ರ ಅದು ತೆಳುವಾಗುತ್ತಿದೆ, ಏಕೆಂದರೆ ಮಕ್ಕಳಿಗೆ ಸುಲಭವಾಗಲೆಂದು ನಾವೇ 'ಬಹುದು' ಹಚ್ಚಿ ಮಾತನಾಡುತ್ತೇವೆ. ಇದಕ್ಕೆ ತರಗತಿ ಬೇಡ, ಪುಸ್ತಕ ಬೇಡ. ಮಳೆ ಬಂದೀತು, ಕೊಡೆ ತೆಗೆದುಕೋ. ಬಸ್ಸು ತಪ್ಪೀತು, ಬೇಗ ಹೊರಡು. ಹಾಲು ಉಕ್ಕೀತು, ನೋಡಿಕೋ. ದಿನಕ್ಕೆ ನಾಲ್ಕು ಸಲ ಹೀಗೆ ಆಡಿದರೆ ಸಾಕು. ಕೇಳುತ್ತ ಕೇಳುತ್ತ ಮಕ್ಕಳು ಕಲಿತಾರು.