ಉಮರ್ಗಾ, ನಿಲಂಗಾ, ಉದ್ಗೀರ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ? ಗಡಿಭಾಗದಲ್ಲಿ ಅಂಗಡಿ ಇಟ್ಟವರಿಗೆ ಒಂದಿಷ್ಟು ಮಾಹಿತಿ

ಮರಾಠವಾಡದ ತೆಂಕು ತುದಿಯಲ್ಲಿ, ನಮ್ಮ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ಒತ್ತಿಕೊಂಡ ಹಾಗೆ ಮೂರು ಪೇಟೆಗಳಿವೆ: ಉಮರ್ಗಾ, ನಿಲಂಗಾ, ಉದ್ಗೀರ್. ಉಮರ್ಗಾ ಧಾರಾಶಿವ್ (ಮೊದಲಿನ ಉಸ್ಮಾನಾಬಾದ್) ಜಿಲ್ಲೆಗೆ ಸೇರಿದ್ದು, ಉಳಿದೆರಡು ಲಾತೂರ್ ಜಿಲ್ಲೆಗೆ. 1956ರ ರಾಜ್ಯ ಪುನರ್ವಿಂಗಡಣೆ ತನಕ ನಿಲಂಗಾ, ಉದ್ಗೀರ್ ಎರಡೂ ಬೀದರ್ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಅಲ್ಲಿ ವ್ಯಾಪಾರ ಶುರು ಮಾಡಬೇಕು ಅಂತ ಇರುವವರು ನನ್ನ ಹತ್ತಿರ ಕೇಳುವ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಅಂತ. ಎರಡನೆಯದ್ದು, ಕರೆಂಟ್ ಹೇಗೆ? ಐಸ್‌ಕ್ರೀಮ್, ಹಾಲು, ಕೋಳಿ, ಬೇಕರಿ, ಜ್ಯೂಸ್ ಯಾವುದೇ ಇರಲಿ, ಫ್ರೀಜರ್ ಇಲ್ಲದೆ ಈಗ ಅಂಗಡಿ ಇಲ್ಲ. ಬೇಸಿಗೆಯಲ್ಲಿ ಅಲ್ಲಿ 42 ಡಿಗ್ರಿ ಸಾಮಾನ್ಯ.

ಈ ಊರುಗಳಿಗೆ ಕರೆಂಟ್ ಎಲ್ಲಿಂದ ಅಂತ ಸ್ಥಳೀಯರನ್ನು ಕೇಳಿದರೆ ಮೂರು ಉತ್ತರ ಸಿಗ್ತದೆ. ಉದ್ಗೀರ್‌ನವರು ಪರಳಿ ಅಂತಾರೆ. ಉಮರ್ಗಾದವರು ಸೊಲ್ಲಾಪುರದ ಎನ್‌ಟಿಪಿಸಿ ಅಂತಾರೆ. ಇನ್ನು ಕೆಲವರು, ಅದೆಲ್ಲ ಕರ್ನಾಟಕದಿಂದ ಬರುವುದು ಅಂತಾರೆ. ಮೂರರಲ್ಲೂ ಸ್ವಲ್ಪ ಸತ್ಯ ಉಂಟು, ಆದರೆ ಯಾವುದೂ ಪೂರ್ತಿ ಸರಿಯಲ್ಲ.

ಮೊದಲು ಪರಳಿ

ಬೀದರ್‌ನಿಂದ ಭಾಲ್ಕಿ, ಕಮಲನಗರ, ಉದ್ಗೀರ್, ಲಾತೂರ್ ರೋಡ್ ಮೇಲೆ ಹೋಗುವ ರೈಲು ಕೊನೆಗೆ ಮುಟ್ಟುವುದು ಪರಳಿ ವೈಜನಾಥಕ್ಕೆ. ಬೀಡ್ ಜಿಲ್ಲೆಯ ಈ ಊರಲ್ಲಿ 1971ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಾಗ್ತಿದೆ. ಮರಾಠವಾಡದ ದೊಡ್ಡ ಸ್ಥಾವರ ಅದು. ಹಳೆಯ ಘಟಕಗಳು ಮುಚ್ಚಿ, ಈಗ 250 ಮೆಗಾವ್ಯಾಟ್‌ನ ಮೂರು ಘಟಕಗಳು ಉಳಿದಿವೆ. ಅಂದರೆ ಒಟ್ಟು 750. ಇಡೀ ಮಹಾರಾಷ್ಟ್ರಕ್ಕೆ ಬೇಸಿಗೆಯಲ್ಲಿ ಬೇಕಾಗುವುದು 25,000 ಮೆಗಾವ್ಯಾಟ್‌ಗಿಂತಲೂ ಹೆಚ್ಚು. ಹಾಗಾಗಿ ಪರಳಿ ಒಂದು ಸಣ್ಣ ಪಾಲು ಅಷ್ಟೆ.

2013ರ ಫೆಬ್ರವರಿಯಲ್ಲಿ ಬರಗಾಲದಿಂದ ನೀರಿಲ್ಲದೆ ಪರಳಿ ಸ್ಥಾವರವನ್ನು ಪೂರ್ತಿ ನಿಲ್ಲಿಸಬೇಕಾಯ್ತು. ಕಲ್ಲಿದ್ದಲು ಇದ್ದರೂ ತಣಿಸಲಿಕ್ಕೆ, ಹಬೆ ಮಾಡಲಿಕ್ಕೆ ನೀರು ಬೇಕಲ್ಲ. 2015ರಲ್ಲೂ ಅದೇ ಕಥೆ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರ್‌ಗೆ ರೈಲಿನಲ್ಲಿ ಕುಡಿಯುವ ನೀರು ತಂದದ್ದು ಎಲ್ಲರಿಗೂ ನೆನಪಿರಬಹುದು, ಆ ಭಾಗದ ನೀರಿನ ಸ್ಥಿತಿ ಅಂಥದ್ದು. ಆದರೆ ಪರಳಿ ನಿಂತಿತು ಅಂತ ಉದ್ಗೀರ್ ಕತ್ತಲಲ್ಲಿ ಕೂರಲಿಲ್ಲ. ಅಲ್ಲಿಂದಲೇ ಕರೆಂಟ್ ಬರುವುದಾಗಿದ್ದರೆ ಕೂರಬೇಕಿತ್ತು.

ಕರೆಂಟ್ ನಮ್ಮ ಹೋಲ್‌ಸೇಲ್ ಗೋದಾಮಿನ ಅಕ್ಕಿಯ ಹಾಗೆ. ಹತ್ತು ಮಿಲ್ಲುಗಳಿಂದ ಬಂದ ಅಕ್ಕಿಯನ್ನು ಒಂದೇ ರಾಶಿಗೆ ಸುರಿದ ಮೇಲೆ ನಿಮ್ಮ ಚೀಲಕ್ಕೆ ಬಿದ್ದದ್ದು ಯಾವ ಮಿಲ್ಲಿನದ್ದು ಅಂತ ಹೇಳಲಿಕ್ಕೆ ಬರುವುದಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಸ್ಟಾಕ್ ಇಡಲಿಕ್ಕೆ ಹೆಚ್ಚು ಜಾಗ ಇಲ್ಲ. ಈ ಕ್ಷಣ ಖರ್ಚಾದದ್ದು ಈ ಕ್ಷಣವೇ ತಯಾರಾಗಬೇಕು. ಅದನ್ನು ನೋಡಿಕೊಳ್ಳುವುದು ನವಿ ಮುಂಬೈಯ ಐರೋಲಿಯಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ. ಅಲ್ಲಿ ನಡೆಯುವುದು ನಮ್ಮ ಪರ್ಚೇಸ್ ಲೆಕ್ಕವೇ: ಯಾರ ಯೂನಿಟ್ ಅಗ್ಗವೋ ಅವರಿಂದ ಮೊದಲು, ದುಬಾರಿಯವರಿಂದ ಕೊನೆಗೆ. ಇದಕ್ಕೆ ಮೆರಿಟ್ ಆರ್ಡರ್ ಅಂತಾರೆ. ಕಲ್ಲಿದ್ದಲು ಗಣಿಯ ಬಾಗಿಲಲ್ಲೇ ಇರುವ ಚಂದ್ರಾಪುರ ಸ್ಥಾವರಕ್ಕೆ (2,920 ಮೆಗಾವ್ಯಾಟ್) ಸಾಗಾಟ ಖರ್ಚು ಕಡಿಮೆ. ಗಣಿಯಿಂದ ದೂರದ ಪರಳಿಗೆ ರೈಲು ಬಾಡಿಗೆ ಸೇರಿ ದರ ಏರ್ತದೆ. ಹಾಗಾಗಿ ಬೇಡಿಕೆ ಕಡಿಮೆ ಇದ್ದ ದಿನಗಳಲ್ಲಿ ಪಕ್ಕದ ಪರಳಿಯ ಘಟಕಗಳನ್ನು ನಿಲ್ಲಿಸಿ, ದೂರದ ಚಂದ್ರಾಪುರದ್ದನ್ನು ಓಡಿಸಿದ್ದು ಉಂಟು. ಹತ್ತಿರದ ಸ್ಥಾವರ ಅಂದರೆ ಹತ್ತಿರದ ಕರೆಂಟ್ ಅಲ್ಲ ಮಾರಾಯ್ರೆ. ನಮ್ಮ ಪಡುಬಿದ್ರಿ ಪಕ್ಕದ ನಂದಿಕೂರಿನಲ್ಲಿ 1,200 ಮೆಗಾವ್ಯಾಟ್ ಸ್ಥಾವರ ಇದ್ದರೂ ಸುತ್ತಲಿನ ಊರುಗಳಲ್ಲಿ ಮಳೆಗಾಲಕ್ಕೆ ಕರೆಂಟ್ ಹೋಗುವುದಿಲ್ಲವೇ?

ಸೊಲ್ಲಾಪುರ ಮತ್ತು ಕೊಯ್ನಾ

ಸೊಲ್ಲಾಪುರದ ಎನ್‌ಟಿಪಿಸಿ ಕೇಂದ್ರ ಸರ್ಕಾರದ ಕಂಪೆನಿಯದ್ದು. 660ರ ಎರಡು ಘಟಕ, ಒಟ್ಟು 1,320 ಮೆಗಾವ್ಯಾಟ್. ನೀರು ಬರುವುದು ಭೀಮಾ ನದಿಯ ಉಜನಿ ಅಣೆಕಟ್ಟಿನಿಂದ. ಅದೇ ಭೀಮಾ ಮುಂದೆ ನಮ್ಮ ಅಫಜಲಪುರದ ಕಡೆ ಹರಿಯುತ್ತದೆ. ಈ ಸ್ಥಾವರದ ದೊಡ್ಡ ಪಾಲು ಮಹಾರಾಷ್ಟ್ರಕ್ಕೆ, ಮಧ್ಯಪ್ರದೇಶದಂಥ ಬೇರೆ ರಾಜ್ಯಗಳಿಗೂ ಪಾಲು ಉಂಟು.

ಸಂಜೆ ಎಲ್ಲ ಮನೆಯಲ್ಲೂ ದೀಪ ಹತ್ತಿದಾಗ ಕಲ್ಲಿದ್ದಲ ಸ್ಥಾವರವನ್ನು ದಿಢೀರ್ ಅಂತ ಏರಿಸಲಿಕ್ಕೆ ಆಗುವುದಿಲ್ಲ. ಆಗ ಸಾತಾರಾ ಜಿಲ್ಲೆಯ ಕೊಯ್ನಾ ಜಲವಿದ್ಯುತ್ (1,960 ಮೆಗಾವ್ಯಾಟ್) ಕೈ ಹಿಡಿಯುತ್ತದೆ. ಗೇಟು ತೆರೆದ ಕೆಲವೇ ನಿಮಿಷದಲ್ಲಿ ಕರೆಂಟ್. ಕೊಯ್ನಾ ಅಂದರೆ ಕೃಷ್ಣೆಯ ಉಪನದಿ. ಅದರ ನೀರನ್ನು ಪಶ್ಚಿಮಕ್ಕೆ ತಿರುಗಿಸಿ ಘಟ್ಟದಿಂದ ಕೆಳಗೆ ಬೀಳಿಸಿ, ಕೊನೆಗೆ ಅದು ಅರಬ್ಬಿ ಸಮುದ್ರ ಸೇರ್ತದೆ. ಪೂರ್ವಕ್ಕೆ ಬಿಟ್ಟಿದ್ದರೆ ಅದು ಆಲಮಟ್ಟಿಗೆ ಬರುವ ನೀರು. ಹಾಗಾಗಿಯೇ ಕೃಷ್ಣಾ ನ್ಯಾಯಾಧಿಕರಣ ಪಶ್ಚಿಮಕ್ಕೆ ತಿರುಗಿಸುವ ನೀರಿಗೆ ವರ್ಷಕ್ಕೆ 67.5 ಟಿಎಂಸಿ ಅಂತ ಮಿತಿ ಹಾಕಿದೆ.

ಕರ್ನಾಟಕದಿಂದ ಬರುತ್ತದೆಯೇ?

ಇದಕ್ಕೆ ಒಂದು ತಾರೀಕು ನೆನಪಿಟ್ಟರೆ ಸಾಕು, 2013ರ ಡಿಸೆಂಬರ್ 31. ಆ ದಿನ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಯ್ತು. ಅಲ್ಲಿಯವರೆಗೆ ದಕ್ಷಿಣದ ಗ್ರಿಡ್ ಒಂದು ಬದಿ, ದೇಶದ ಉಳಿದ ಗ್ರಿಡ್ ಇನ್ನೊಂದು ಬದಿ. ನಡುವೆ ಇದ್ದದ್ದು ತಾಲ್ಚೇರ್–ಕೋಲಾರದಂಥ ಡಿಸಿ ಕೊಂಡಿಗಳು ಮಾತ್ರ. ಅವುಗಳಲ್ಲಿ ಕರೆಂಟ್ ದಾಟುತ್ತಿತ್ತು, ಆದರೆ ಎರಡು ಗ್ರಿಡ್‌ಗಳ ತಾಳ ಬೇರೆ ಬೇರೆ. ಬೀದರ್ ಜಿಲ್ಲೆಯ ಕಮಲನಗರದ ಫ್ಯಾನು, ಅದರ ಪಕ್ಕದ ಉದ್ಗೀರ್‌ನ ಫ್ಯಾನು ಎರಡು ಬೇರೆ ವ್ಯವಸ್ಥೆಯಲ್ಲಿ ತಿರುಗುತ್ತಿದ್ದವು ಅಂದರೆ ನಂಬಲಿಕ್ಕೆ ಕಷ್ಟ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದಲ್ಲಿ 60 ಕೋಟಿಗೂ ಹೆಚ್ಚು ಜನರಿಗೆ ಕರೆಂಟ್ ಹೋದಾಗ ದಕ್ಷಿಣಕ್ಕೆ ಬಿಸಿ ತಟ್ಟದೇ ಇದ್ದದ್ದು ಈ ಬೇರೆ ಇದ್ದ ಕಾರಣಕ್ಕೇ.

ಈಗ ಕಾಶ್ಮೀರದಿಂದ ಕನ್ಯಾಕುಮಾರಿ ತನಕ ಒಂದೇ ಗ್ರಿಡ್, ಒಂದೇ 50 ಹರ್ಟ್ಜ್. ಅದನ್ನು 49.90ರಿಂದ 50.05ರ ನಡುವೆ ಹಿಡಿದಿಡಬೇಕು ಅಂತ ನಿಯಮ. ರಾಯಚೂರಿನ ಶಕ್ತಿನಗರದ್ದೂ ಪಾವಗಡದ ಸೋಲಾರ್ ಪಾರ್ಕಿನದ್ದೂ ಚಂದ್ರಾಪುರದ್ದೂ ಒಂದೇ ರಾಶಿಗೆ. ಯಾರು ಯಾರಿಂದ ಎಷ್ಟು ಕೊಂಡರು ಅನ್ನುವುದು ಲೆಡ್ಜರ್‌ನಲ್ಲಿ ಮಾತ್ರ ಇರುತ್ತದೆ.

ಗಡಿ ಇರುವುದು ಬಿಲ್ಲಿನಲ್ಲಿ

ಕರೆಂಟಿಗೆ ಗಡಿ ಇಲ್ಲದಿದ್ದರೂ ಕಂಪೆನಿಗೆ ಗಡಿ ಉಂಟು. ಬಸವಕಲ್ಯಾಣ, ಭಾಲ್ಕಿ, ಆಳಂದ ಜೆಸ್ಕಾಂಗೆ ಸೇರಿದ್ದು. ಗಡಿ ದಾಟಿದರೆ ಮಹಾವಿತರಣ್. ಹಳೆಯ ಮಹಾರಾಷ್ಟ್ರ ವಿದ್ಯುತ್ ಮಂಡಳಿಯನ್ನು 2005ರ ಜೂನ್‌ನಲ್ಲಿ ಒಡೆದು ತಯಾರಿಗೆ ಮಹಾನಿರ್ಮಿತಿ, ದೊಡ್ಡ ಲೈನುಗಳಿಗೆ ಮಹಾಪಾರೇಷಣ್, ಊರಿಗೆ ಹಂಚಲಿಕ್ಕೆ ಮಹಾವಿತರಣ್ ಅಂತ ಮಾಡಿದರು. ಅಂಗಡಿಯವನಿಗೆ ಸಂಬಂಧ ಇರುವುದು ಕೊನೆಯದ್ದರ ಜೊತೆ ಮಾತ್ರ.

ಅವರ ಬಿಲ್ಲು ಮರಾಠಿಯಲ್ಲಿರುತ್ತದೆ. ‘ಸ್ಥಿರ ಆಕಾರ’ ಅಂದರೆ ನಿಗದಿತ ಶುಲ್ಕ, ಬಳಸಿದರೂ ಬಳಸದಿದ್ದರೂ ಕಟ್ಟಬೇಕು. ‘ವೀಜ ಆಕಾರ’ ಯೂನಿಟ್ ದರ. ‘ವಹನ ಆಕಾರ’ ಅಂದರೆ ತಂತಿಯಲ್ಲಿ ಕರೆಂಟ್ ಹೊತ್ತು ತಂದ ಕೂಲಿ. ಯೂನಿಟ್ ದರ ಮಾತ್ರ ನೋಡಿ ಲೆಕ್ಕ ಹಾಕಿದವರು ಈ ಸಾಲಿನಲ್ಲಿ ಎಡವುತ್ತಾರೆ. ‘ಇಂಧನ ಸಮಾಯೋಜನ ಆಕಾರ’ ಕಲ್ಲಿದ್ದಲು ದರ ಏರಿಳಿದ ಹಾಗೆ ಬದಲಾಗುವುದು. ಕೊನೆಗೆ ‘ವೀಜ ಶುಲ್ಕ’, ಅದು ಸರ್ಕಾರದ ತೆರಿಗೆ: ಮನೆಗೆ ಶೇ. 16, ಅಂಗಡಿಗೆ ಶೇ. 21. ಕರ್ನಾಟಕದಲ್ಲಿ ಇದೇ ತೆರಿಗೆ ಶೇ. 9. ಬಸವಕಲ್ಯಾಣದ ಅಂಗಡಿಯ ಖರ್ಚಿನ ಅಂದಾಜು ಹಿಡಿದು ಉಮರ್ಗಾದಲ್ಲಿ ಫ್ರೀಜರ್ ಇಡುವವರು ಇದನ್ನು ಮೊದಲೇ ಗಮನಿಸಬೇಕು.

ಸರ್ಕಾರದ ರಿಯಾಯಿತಿಯೂ ಗಡಿಯಲ್ಲೇ ನಿಲ್ಲುತ್ತದೆ. 2023ರ ಗೃಹಜ್ಯೋತಿ ಕರ್ನಾಟಕದ ಮನೆಗಳಿಗೆ. 2024ರ ಬಳಿರಾಜಾ ಯೋಜನೆಯಲ್ಲಿ ಮಹಾರಾಷ್ಟ್ರದ 7.5 ಎಚ್‌ಪಿ ತನಕದ ಪಂಪ್‌ಸೆಟ್‌ಗಳಿಗೆ ಉಚಿತ, ಕರ್ನಾಟಕದಲ್ಲಿ 10 ಎಚ್‌ಪಿ ತನಕ. ಅಂಗಡಿಯವರಿಗೆ ಎರಡೂ ಕಡೆ ಏನೂ ಇಲ್ಲ, ಬದಲಿಗೆ ದರ ಮನೆಗಿಂತ ಜಾಸ್ತಿ.

ನಿಮ್ಮ ಫೀಡರ್ ಯಾವುದು?

ನನ್ನ ಅಭಿಪ್ರಾಯದಲ್ಲಿ ಸ್ಥಾವರದ ಹೆಸರಿಗಿಂತ ಇದು ತಿಳಿದಿರುವುದು ಮುಖ್ಯ. ದೊಡ್ಡ ಲೈನಿನ ಕರೆಂಟ್ 220 ಅಥವಾ 132 ಕೆವಿ ಸಬ್‌ಸ್ಟೇಷನ್‌ನಲ್ಲಿ ಇಳಿದು 33 ಕೆವಿ ಆಗಿ, ಊರ ಹತ್ತಿರದ ಸಣ್ಣ ಸಬ್‌ಸ್ಟೇಷನ್‌ನಲ್ಲಿ 11 ಕೆವಿಗೆ ಇಳಿಯುತ್ತದೆ. ಅಲ್ಲಿಂದ ಹೊರಡುವ ಒಂದೊಂದು 11 ಕೆವಿ ಲೈನಿಗೂ ಒಂದು ಹೆಸರು. ಅದೇ ಫೀಡರ್. ಪೇಟೆಗೊಂದು, ಕಾರ್ಖಾನೆಗೊಂದು, ಹಳ್ಳಿಯ ಮನೆಗಳಿಗೆ (ಅಲ್ಲಿ ಗಾವಠಾಣ್ ಅಂತಾರೆ) ಒಂದು, ಹೊಲದ ಪಂಪುಗಳಿಗೆ ಒಂದು. ಪಂಪಿನ ಫೀಡರ್‌ಗೆ ತ್ರೀಫೇಸ್ ಹಗಲು ಅಥವಾ ರಾತ್ರಿ ಕೆಲವು ಗಂಟೆ ಮಾತ್ರ, ಪಾಳಿಯ ಮೇಲೆ. ಊರ ಹೊರಗೆ ಬಾಡಿಗೆ ಕಡಿಮೆ ಅಂತ ಅಂಗಡಿ ಹಿಡಿದು, ಅದು ಪಂಪಿನ ಫೀಡರ್‌ನಲ್ಲಿದ್ದರೆ ಫ್ರೀಜರ್ ವ್ಯಾಪಾರದ ಆಸೆ ಬಿಡಬೇಕು. ಹೆದ್ದಾರಿ ಬದಿಯ ಹೋಟೆಲಿನವರು ಇದನ್ನು ವಿಶೇಷವಾಗಿ ಕೇಳಿ ತಿಳಿದುಕೊಳ್ಳಿ.

ಕೊರತೆ ಬಂದಾಗ ಯಾರಿಗೆ ಮೊದಲು ಕಟ್? ಮಹಾವಿತರಣ್ ಫೀಡರ್‌ಗಳನ್ನು ನಷ್ಟದ ಪ್ರಕಾರ ‘ಎ’ ಇಂದ ‘ಜಿ-3’ ತನಕ ಗುಂಪು ಮಾಡಿಟ್ಟಿದೆ. ಕಳ್ಳತನ ಕಡಿಮೆ, ಬಿಲ್ ವಸೂಲಿ ಚೆನ್ನಾಗಿದ್ದರೆ ‘ಎ’ ಕಡೆ. ಹುಕ್ ಹಾಕುವವರು, ಬಾಕಿ ಇಟ್ಟವರು ಜಾಸ್ತಿ ಇದ್ದರೆ ‘ಜಿ’ ಕಡೆ. ಲೋಡ್‌ಶೆಡ್ಡಿಂಗ್ ಬಂದರೆ ಹೆಚ್ಚು ಗಂಟೆ ಕಟ್ ಆಗುವುದು ‘ಜಿ’ಗೆ. ಕಂಪೆನಿಯ ಲೆಕ್ಕ ಅರ್ಥ ಆಗ್ತದೆ, ಸಾಲ ತೀರಿಸದ ಗಿರಾಕಿಗೆ ನಾವೂ ಸರಕು ಕೊಡುವುದಿಲ್ಲ. ಆದರೆ ತಿಂಗಳು ತಿಂಗಳು ಬಿಲ್ ಕಟ್ಟುವ ಅಂಗಡಿಯವ ಪಕ್ಕದವನ ಬಾಕಿಗೆ ಕತ್ತಲಲ್ಲಿ ಕೂರುವುದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಅಂಗಡಿ ಹಿಡಿಯುವ ಮುಂಚೆ ಅದು ಯಾವ ಫೀಡರ್, ಯಾವ ಗುಂಪು ಅಂತ ವಿಚಾರಿಸುವುದು ಅದಕ್ಕೇ.

ವಿಚಾರಿಸಲಿಕ್ಕೆ ಪದ ಗೊತ್ತಿರಬೇಕು. ನಾವು ಟಿಸಿ ಅನ್ನುವ ಟ್ರಾನ್ಸ್‌ಫಾರ್ಮರಿಗೆ ಅಲ್ಲಿ ‘ಡೀಪಿ’ ಅಂತಾರೆ, ಲೈನ್‌ಮನ್‌ಗೆ ‘ವಾಯರ್‌ಮನ್’. ಬಿಲ್ಲಿನ ಮೇಲೆ 12 ಅಂಕಿಯ ಗ್ರಾಹಕ ಸಂಖ್ಯೆ, ಬಿಲಿಂಗ್ ಯೂನಿಟ್, ಡಿಟಿಸಿ ಸಂಖ್ಯೆ ಇರುತ್ತದೆ. ಡಿಟಿಸಿ ಅಂದರೆ ನಿಮಗೆ ಕರೆಂಟ್ ಕೊಡುವ ಆ ಟ್ರಾನ್ಸ್‌ಫಾರ್ಮರೇ. 1912ಕ್ಕೆ ಫೋನ್ ಮಾಡಿ ದೂರು ಕೊಡುವಾಗ ಗ್ರಾಹಕ ಸಂಖ್ಯೆಯ ಜೊತೆ ಇದನ್ನೂ ಹೇಳಿದರೆ ಹುಡುಕಾಟ ತಪ್ಪುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಅಂಗಡಿ ದೂರ ಇದ್ದಷ್ಟೂ ಸಂಜೆ ವೋಲ್ಟೇಜ್ ಇಳಿಯುತ್ತದೆ, ಕಂಪ್ರೆಸರ್ ಸುಡುವುದು ಕರೆಂಟ್ ಹೋಗಿ ಅಲ್ಲ, ಹೆಚ್ಚಾಗಿ ಹೀಗೆ. ಸ್ಟೆಬಿಲೈಜರ್ ದುಡ್ಡು ಉಳಿಸಬೇಡಿ.

ಸೋಲಾರ್ ಬಗ್ಗೆ ಎರಡು ಮಾತು. 2024ರ ಪಿಎಂ ಸೂರ್ಯಘರ್ ಯೋಜನೆಯ 78,000 ರೂ. ತನಕದ ಸಬ್ಸಿಡಿ ಮನೆಗಳಿಗೆ ಮಾತ್ರ, ಅಂಗಡಿಗಳಿಗಿಲ್ಲ. ಇನ್ನೊಂದು, ಬ್ಯಾಟರಿ ಇಲ್ಲದ ಗ್ರಿಡ್ ಜೋಡಣೆಯ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ, ಎಷ್ಟೇ ಬಿಸಿಲಿದ್ದರೂ. ಲೈನಿನಲ್ಲಿ ಕೆಲಸ ಮಾಡುವ ವಾಯರ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಆ ವ್ಯವಸ್ಥೆ. ಬಿಲ್ ಇಳಿಸಲಿಕ್ಕೆ ಅದು ಒಳ್ಳೆಯದು, ಕಟ್ ತಪ್ಪಿಸಲಿಕ್ಕೆ ಅಲ್ಲ. ಮಾರುವವರು ಇದನ್ನು ಬಾಯಿ ಬಿಟ್ಟು ಹೇಳುವುದು ಕಡಿಮೆ.

ಈಗ ಮಹಾರಾಷ್ಟ್ರ ಸರ್ಕಾರ ‘ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ’ ಯೋಜನೆಯಲ್ಲಿ ಸಣ್ಣ ಸಬ್‌ಸ್ಟೇಷನ್‌ಗಳ ಪಕ್ಕದಲ್ಲೇ ಸೋಲಾರ್ ಹಾಕಿಸುತ್ತಿದೆ, ಪಂಪಿನ ಫೀಡರ್‌ಗೆ ಹಗಲು ಕರೆಂಟ್ ಕೊಡಲಿಕ್ಕೆ. ಜಾಗ ಕೊಟ್ಟವರಿಗೆ ಹೆಕ್ಟೇರಿಗೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಬಾಡಿಗೆ, ವರ್ಷ ವರ್ಷ ಶೇ. 3 ಏರಿಕೆ. ಹೀಗೆ ಸೋಲಾರ್ ಬಂದ ಸಬ್‌ಸ್ಟೇಷನ್‌ಗಳಲ್ಲಿ ಹಗಲಿನ ಕರೆಂಟ್ ಎಲ್ಲಿಂದ ಅಂತ ಕೇಳಿದರೆ ಪಕ್ಕದ ಹೊಲ ತೋರಿಸಬಹುದು. ಸಂಜೆ ಆರರ ನಂತರ ಫ್ರೀಜರ್ ಓಡಬೇಕಾದರೆ ಮಾತ್ರ ಮತ್ತೆ ಕಲ್ಲಿದ್ದಲು ಮತ್ತು ಕೊಯ್ನಾದ ನೀರೇ ಗತಿ.